ಹೆಸರಿಲ್ಲದ ಸ್ಲೈಡು

ತುಂಗಭದ್ರೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಜಪಮಣಿಗಿಂತ ಹೆಚ್ಚು ಸದ್ದು ಮಾಡುತ್ತಿದ್ದದ್ದು ಗಾಜಿನ ಸ್ಲೈಡುಗಳು. ಆಶ್ರಮದ ಚಿಕ್ಕ ಆಸ್ಪತ್ರೆಗೆ ಬಂದವರ ರಕ್ತ ನೋಡಿ ರೋಗ ಹೇಳುವುದೇ ಮುದುಕ ಡಾಕ್ಟರ್ ಕೊಟ್ರಯ್ಯನವರ ಪೂಜೆ.

ಗಂಗಾಂಬಿಕೆ ಅವರ ಶಿಷ್ಯೆ. ಓದು ಮುಗಿಸಿ ಬಂದ ಡಾಕ್ಟರು. ಚುರುಕು ಕಣ್ಣು, ಅದಕ್ಕಿಂತ ಚುರುಕು ನಾಲಿಗೆ.

ಮಳೆಗಾಲದಿಂದ ಗುರುಗಳಿಗೆ ಬೆನ್ನುನೋವು. ವಯಸ್ಸಾಯಿತಲ್ಲ, ಎಂದರು ಎಲ್ಲರೂ. ಗಂಗಾಂಬಿಕೆ ದಿನಾ ಸಂಜೆ ಎಣ್ಣೆ ಕಾಯಿಸಿ ಕೊಡುತ್ತಿದ್ದಳು. ತಂದೆಯಿಲ್ಲದ ಆಕೆಗೆ ಅವರೇ ತಂದೆ.

ಒಂದು ಬೆಳಿಗ್ಗೆ ಗುರುಗಳು ಆಕೆಯ ಕೈಗೆ ಒಂದು ಸ್ಲೈಡು ಕೊಟ್ಟರು. ಅದರ ಮೇಲೆ ಹೆಸರಿರಲಿಲ್ಲ.

“ಯಾರದ್ರೀ ಇದು?”

“ಯಾರದೋ. ನೋಡು.”

ಆಕೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ಕೆಂಪು ಕಣಗಳು ಬಳೆಗಾರನ ಮಲಾರದಲ್ಲಿ ಬಳೆ ಜೋಡಿಸಿದ ಹಾಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ದೊಡ್ಡ ಕಣಗಳು ಹೋಗಿ ಸೇರುವ ಅಂಚಿನ ಕಡೆಗೆ ಸ್ಲೈಡನ್ನು ಸರಿಸಿದಳು. ಅಲ್ಲೊಂದು ಇಲ್ಲೊಂದು ದೊಡ್ಡ ನೀಲಿ ಕಣ. ಅದರೊಳಗಿನ ಬೀಜ ಒಂದು ಮಗ್ಗುಲಿಗೆ ಸರಿದಿತ್ತು.

ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ರೋಗ ಹಿಡಿದುಬಿಟ್ಟಳು. ನಗುತ್ತಾ ಓಡಿ ಬಂದಳು.

“ಗುರುಗಳೇ, ಅಪರೂಪದ್ದು ಸಿಕ್ಕೈತ್ರೀ! ಪ್ಲಾಸ್ಮಾ ಕಣ! ಎಲುಬಿನ ಮಜ್ಜಿಯೊಳಗ ಇರಬೇಕಾದವು ರಕ್ತದಾಗ ತಿರುಗಾಡಾಕ ಹತ್ಯಾವ. ಕೆಟ್ಟ ರೋಗ. ತಡಾ ಮಾಡಿದ್ರ ಎಲುಬು ತಿಂದು ಹಾಕತೈತಿ. ದೊಡ್ಡಾಸ್ಪತ್ರಿಗೆ ಕಳಿಸಿ ಮಜ್ಜಿ ಪರೀಕ್ಷೆ ಮಾಡಸಬೇಕ್ರೀ.”

“ಸರಿಯಾಗಿ ನೋಡಿದೇನು?”

“ನನ್ನ ಕಣ್ಣು ತಪ್ಪೂದಿಲ್ರೀ.”

ಗುರುಗಳು ಆ ಸ್ಲೈಡನ್ನು ತೆಗೆದಿಟ್ಟರು.

ಮಧ್ಯಾಹ್ನ ಇನ್ನೊಂದು ಸ್ಲೈಡು ಕೊಟ್ಟರು. ಅದರ ಮೇಲೆ ಪೆನ್ಸಿಲಿನಲ್ಲಿ ಹೆಸರು ಬರೆದಿತ್ತು: ಕೊಟ್ರಯ್ಯ.

ಗಂಗಾಂಬಿಕೆ ಆ ಹೆಸರನ್ನು ಎರಡು ಸಲ ಓದಿದಳು. ಕಣ್ಣಿಟ್ಟು ನೋಡಿದಳು. ಒಂದು ನೀಲಿ ಕಣ ಕಂಡಿತು. ಸ್ಲೈಡಿಗೆ ಹಚ್ಚಿದ ಬಣ್ಣ ಜಾಸ್ತಿಯಾಗಿದೆ, ಅಂದುಕೊಂಡಳು. ಇನ್ನೊಂದು ಕಂಡಿತು. ಮೊನ್ನೆ ನೆಗಡಿಯಾಗಿತ್ತಲ್ಲ, ಅದಕ್ಕೇ ಇರಬೇಕು. ಅಂಚಿನ ಕಡೆಗೆ ಸ್ಲೈಡು ಸರಿಸಲು ಕೈಯೇ ಬರಲಿಲ್ಲ.

“ಏನೂ ಇಲ್ರೀ. ಆರಾಮ ಅದೀರಿ. ವಯಸ್ಸಿನ ಬ್ಯಾನಿ ಅಷ್ಟ. ಸಂಜಿಗೆ ಎಣ್ಣಿ ಕಾಸಿ ಕೊಡ್ತೀನಿ.”

ಗುರುಗಳು ಎಡಗೈ ಚಾಚಿದರು. ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಗುರುತು ಒಂದೇ ಇತ್ತು.

“ಎರಡೂ ಸ್ಲೈಡಿನ ರಕ್ತ ಇಲ್ಲಿಂದನ ಬಂದದ್ದು, ಗಂಗಾ.”

ಆಕೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಅಳು ಒತ್ತರಿಸಿ ಬಂತು.

“ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರ,” ಗುರುಗಳು ನಕ್ಕರು. “ನಿನಗ ನನ್ನ ರೋಗನೂ ಮುದ್ದಾತೇನು? ನಿನ್ನ ಮಾತು ನಂಬಿದ್ರ ನಾನು ಎಣ್ಣಿ ಹಚ್ಚಿಕೊಂತ ಸಾಯತಿದ್ದೆ.”

“ತಪ್ಪಾತ್ರೀ. ನಿಮ್ಮ ಹೆಸರು ನೋಡಿದ ಕೂಡಲೇ ಕಣ್ಣು ಮಂಜಾತು. ಇನ್ನ ಮ್ಯಾಲ ಹೆಸರು ಮುಚ್ಚೇ ನೋಡತೀನಿ. ಎಲ್ಲಾರನೂ ಯಾರೋ ಅಂತನ ತಿಳಕೋತೀನಿ.”

“ಅದು ಅರ್ಧಾ ಪಾಠ.”

“ಇನ್ನರ್ಧ ಏನ್ರೀ?”

“ಮುಂಜಾನೆ ಆ ಯಾರದೋ ರೋಗ ಹೇಳಾಕ ನಕ್ಕೋತ ಓಡಿ ಬಂದಿದ್ದಿ.”

ಗಂಗಾಂಬಿಕೆಗೆ ನಾಚಿಕೆಯಾಯಿತು.

ಸ್ವಲ್ಪ ಹೊತ್ತಿನ ಮೇಲೆ ಎದ್ದಳು. ಮುಖ ತೊಳೆದು ಬಂದು ಮತ್ತೆ ಮೈಕ್ರೋಸ್ಕೋಪಿನ ಮುಂದೆ ಕೂತಳು. ಈ ಸಲ ಅಂಚಿನ ತನಕ ನೋಡಿದಳು. ನೋಡಿ ಮುಗಿಸಿ ಬಂದು ಗುರುಗಳ ಮಗ್ಗುಲಲ್ಲಿ ಕೂತು ಅವರ ಕೈ ಹಿಡಿದುಕೊಂಡಳು.

“ಗುರುಗಳೇ,” ಎಂದಳು ಮೆಲ್ಲಗೆ. “ಆ ಕಣ ಅದಾವ್ರೀ. ಅಂಜಬ್ಯಾಡ್ರಿ, ಇದಕ್ಕ ಔಷಧ ಐತಿ. ನಾಳೆ ದೊಡ್ಡಾಸ್ಪತ್ರಿಗೆ ಹೋಗೂಣು. ನಾನೂ ನಿಮ್ಮ ಸಂಗಾಟ ಬರತೀನಿ.”

ಗುರುಗಳು ಕೈ ಬಿಡಿಸಿಕೊಳ್ಳಲಿಲ್ಲ. ಕಿಟಕಿಯಾಚೆ ನೋಡಿದರು. ರಕ್ತ ಕೊಟ್ಟವರು ಬೇವಿನ ಮರದಡಿ ಕಾಯುತ್ತಿದ್ದರು.

“ನೋಡುವಾಗ ಅವರನ್ನ ಯಾರೋ ಅಂತ ನೋಡು, ಗಂಗಾ. ಹೇಳುವಾಗ ಈಗ ನನಗ ಹೇಳಿದಂಗ ಹೇಳು.”