ಬಲೆ ಹರಿದ ಕಡಲಸಿಂಹ

ಕಡಲಸಿಂಹವೊಂದು ಮೀನುಗಾರರ ಬಲೆ ಹರಿದು, ಒಳಗಿದ್ದ ಮೀನು ತಿನ್ನುತ್ತಿತ್ತು.

"ನಾಚಿಕೆಯಾಗುವುದಿಲ್ಲವೇ?" ಎಂದು ಬಲೆ ಗದರಿತು. "ನಾಳೆ ನಮ್ಮವರು ದೊಣ್ಣೆ ತರುತ್ತಾರೆ, ನೋಡುತ್ತಿರು."

"ನಾನೇನು ತಪ್ಪು ಮಾಡಿದೆ?" ಎಂದಿತು ಕಡಲಸಿಂಹ. "ಪ್ರವಾಸಿಗರ ದೋಣಿ ದಿನವೂ ಕರೆದು ಮೀನು ಎಸೆಯುತ್ತದೆ. ಯಾವ ದೋಣಿ ಬಂದರೂ ಊಟ ಬಂತು ಎಂದೇ ತಿಳಿದಿದ್ದೆ."

ಸಂಜೆ ದಡದಲ್ಲಿ ಹೊಲಿಗೆ ಹಾಕಿಸಿಕೊಳ್ಳುತ್ತಿದ್ದ ಬಲೆ, ಪಕ್ಕದಲ್ಲಿದ್ದ ಪ್ರವಾಸಿ ದೋಣಿಯನ್ನು ತರಾಟೆಗೆ ತೆಗೆದುಕೊಂಡಿತು. "ನೀನು ಮುದ್ದಿನಿಂದ ಎಸೆಯುತ್ತೀಯ. ಅದಕ್ಕೆ ಹರಿಯುವುದು ನಾನು, ಏಟು ತಿನ್ನುವುದು ಆ ಪ್ರಾಣಿ."

"ಎಸೆಯದಿದ್ದರೆ ಅದು ಹತ್ತಿರ ಬರುವುದಿಲ್ಲ. ಅದು ಬರದಿದ್ದರೆ ನನ್ನನ್ನು ಯಾರು ಹತ್ತುತ್ತಾರೆ?"

"ಒಮ್ಮೆ ಏನೂ ಎಸೆಯದೆ ದೂರ ನಿಂತು ನೋಡು."

ಮರುದಿನ ದೋಣಿ ಕಡಲಸಿಂಹ ಮಲಗುವ ಬಂಡೆಗಳಿಂದ ದೂರದಲ್ಲೇ ಎಂಜಿನ್ ನಿಲ್ಲಿಸಿತು. ಕಡಲಸಿಂಹ ಆತುರದಿಂದ ಈಜಿ ಬಂತು, ಸುತ್ತು ಹಾಕಿತು, ಅರಚಿತು. ಯಾರೂ ಏನೂ ಎಸೆಯಲಿಲ್ಲ. ದೋಣಿಗಳ ಋಣ ತೀರಿತೆಂದು ತಿಳಿದು ಅದು ಆಳಕ್ಕೆ ಧುಮುಕಿತು. ಮರುಕ್ಷಣ ಮೀನಿನ ಹಿಂಡನ್ನು ಅಟ್ಟಿಸಿಕೊಂಡು ಬಂದು, ಬಾಯಲ್ಲಿ ಮೀನು ಕಚ್ಚಿಕೊಂಡೇ ಅಲೆಯ ಮೇಲಕ್ಕೆ ಚಿಮ್ಮಿತು. ಪ್ರವಾಸಿಗರು ಬೆರಗಾಗಿ ಎದ್ದು ನಿಂತರು.

ಆ ಸಂಜೆ ಬಲೆ ಹರಿಯದೆ ದಡಕ್ಕೆ ಬಂತು. "ಜನ ಹತ್ತಿದರೇ?" ಎಂದು ಕೇಳಿತು.

"ನಾಳೆಯೂ ಬರುತ್ತಾರಂತೆ," ಎಂದಿತು ದೋಣಿ ಮೆಲ್ಲಗೆ. "ಇಷ್ಟು ದಿನ ನಾನು ಅವರಿಗೆ ತೋರಿಸಿದ್ದು ಒಬ್ಬ ಭಿಕ್ಷುಕನನ್ನು."