ಕಾಡಿನ ಚಿತ್ರದಲ್ಲಿದ್ದ ಅಕ್ಕ

"ಗುರುಗಳೇ, ದೊಡ್ಡ ಕೆಲಸಕ್ಕೆ ಕೈಹಾಕಿದವನು ಜೊತೆಯವರನ್ನು ಸ್ವಲ್ಪ ಕಾಲ ಮರೆತರೆ ತಪ್ಪೇ? ಆಮೇಲೆ ಸರಿಮಾಡಿಕೊಳ್ಳಬಹುದಲ್ಲ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಕಾಡಂಚಿನ ಊರೊಂದರಲ್ಲಿ ಮಂದಾಕಿನಿ ಎಂಬ ಚಿತ್ರಗಾರ್ತಿ ಇದ್ದಳು. ತಂದೆತಾಯಿ ಇರಲಿಲ್ಲ. ಅಕ್ಕ ಬಟ್ಟೆ ಹೊಲಿದು ಅವಳನ್ನು ಸಾಕಿದ್ದಳು, ಚಿತ್ರಕಲೆ ಕಲಿಯಲು ಕಳಿಸಿದ್ದಳು. ಮಂದಾಕಿನಿ ಕಾಡಿನದೊಂದು ದೊಡ್ಡ ತೈಲಚಿತ್ರ ಬರೆಯಲು ಹೊರಟಾಗ ದಿನವೂ ಅಕ್ಕನೇ ಜೊತೆಗೆ ಹೋದಳು. ಅದು ಆನೆಗಳು ಓಡಾಡುವ ಜಾಗ. ತಂಗಿ ಬಣ್ಣ ಹಚ್ಚುತ್ತಿದ್ದರೆ ಅಕ್ಕ ಕಾಡಿನತ್ತ ಮುಖಮಾಡಿ ಕಾವಲು ನಿಲ್ಲುತ್ತಿದ್ದಳು. ಒಮ್ಮೆ ತಂಗಿ, "ಸ್ವಲ್ಪ ಇತ್ತ ತಿರುಗು" ಎಂದು ಅವಳನ್ನೂ ಚಿತ್ರದೊಳಗೆ ಬರೆದಳು. ಅಕ್ಕನಿಗೆ ನಾಚಿಕೆಯಾಯಿತು. ಆದರೂ ಊರಲ್ಲಿ ಕಂಡಕಂಡವರಿಗೆಲ್ಲ ಹೇಳಿಕೊಂಡಳು.

ನಗರದಲ್ಲಿ ಪ್ರದರ್ಶನ ಏರ್ಪಡಿಸುವವನೊಬ್ಬ ಬಂದು ನೋಡಿದ. "ಕಾಡು ಅದ್ಭುತ. ಈ ಹೆಂಗಸು ಮಾತ್ರ ಬೇಡ" ಎಂದ. ಮಂದಾಕಿನಿ ತಳಮಳಿಸಿದಳು. ಕೊನೆಗೆ ಅಕ್ಕನ ಮೇಲೆ ಹಸಿರು ಬಣ್ಣ ಹಚ್ಚಿದಳು. ಅವಳಿಗೆ ಹೇಳಲಿಲ್ಲ.

ಪ್ರದರ್ಶನಕ್ಕೆ ಅಕ್ಕ ಹೊಸ ಸೀರೆ ಉಟ್ಟು ಬಂದಳು. ಚಿತ್ರದ ಮುಂದೆ ಬಹಳ ಹೊತ್ತು ನಿಂತಳು.

"ನಾನೆಲ್ಲೂ ಕಾಣಿಸುತ್ತಿಲ್ಲವಲ್ಲೇ?"

"ಮರಗಳ ಹಿಂದೆ ಇದ್ದೀಯ, ಅಕ್ಕ."

"ಹೌದಾ? ಇರಲಿ ಬಿಡು. ಕಾಡು ಚೆನ್ನಾಗಿ ಬಂದಿದೆ" ಎಂದು ಅಕ್ಕ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತಳು.

ಚಿತ್ರ ಹೆಸರು ತಂದುಕೊಟ್ಟಿತು. ಮಂದಾಕಿನಿ ನಗರದಲ್ಲೇ ನೆಲೆಸಿದಳು. ಇನ್ನೊಂದು ಚಿತ್ರದಲ್ಲಿ ಅಕ್ಕನೊಬ್ಬಳನ್ನೇ ಬರೆಯಬೇಕೆಂದುಕೊಂಡಳು. ಒಂದಲ್ಲ ಒಂದು ಕೆಲಸ ಅಡ್ಡ ಬಂತು. ಅಷ್ಟರಲ್ಲಿ ಅಕ್ಕ ಜ್ವರ ಬಂದು ತೀರಿಕೊಂಡಳು.

ಆ ಕಾಡಿನ ಚಿತ್ರವನ್ನು ಮಂದಾಕಿನಿ ಯಾರಿಗೂ ಕೊಟ್ಟಿರಲಿಲ್ಲ. ಅಕ್ಕನ ಅಂತ್ಯಕ್ರಿಯೆ ಮುಗಿಸಿ ಊರಿನಿಂದ ಮರಳಿದವಳೇ ಗೋಡೆಯಿಂದ ಇಳಿಸಿ, ಸಣ್ಣ ಚಾಕುವಿನಿಂದ ಹಸಿರನ್ನು ಕೆರೆಯತೊಡಗಿದಳು. ಮೊದಲು ಸೀರೆಯ ಅಂಚು ಕಂಡಿತು. ಆಸೆಯಿಂದ ಇನ್ನಷ್ಟು ಕೆರೆದಳು. ಆದರೆ ಮೇಲಿನ ಬಣ್ಣವೂ ಒಳಗಿನ ಬಣ್ಣವೂ ಒಂದಕ್ಕೊಂದು ಅಂಟಿ ಗಟ್ಟಿಯಾಗಿದ್ದವು. ಹಸಿರಿನ ಜೊತೆಗೇ ಅಕ್ಕನ ಮುಖವೂ ಚೂರಾಗಿ ನೆಲಕ್ಕೆ ಬಿತ್ತು. ಮುಖವಿದ್ದ ಕಡೆ ಕ್ಯಾನ್ವಾಸಿನ ಬರೀ ಬಟ್ಟೆ ಉಳಿಯಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಅಯ್ಯೋ, ಅಂಥ ಚಿತ್ರ ಹಾಳಾಯಿತೇ! ಮಂದಾಕಿನಿ ಅದನ್ನು ಮತ್ತೆ ಬರೆದಳೇ?" ಎಂದ ಶಿಷ್ಯ.

"ಅಕ್ಕನ ಹೆಸರೇನೆಂದು ನೀನೂ ಕೇಳಲಿಲ್ಲ" ಎಂದರು ಗುರುಗಳು.