ನೀಲಿ ಗೆರೆಯ ತೋಟೆ

“ಗುರುಗಳೇ, ಬಲ್ಲವನೆಂದು ಹೆಸರಾದವನು ‘ಗೊತ್ತಿಲ್ಲ’ ಎನ್ನಬಹುದೇ? ಹಾಗೆ ಹೇಳಿದರೆ ಗಳಿಸಿದ ಹೆಸರು ಮಣ್ಣುಪಾಲಾಗುವುದಿಲ್ಲವೇ?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಕಾಡಂಚಿನ ಊರಿನಲ್ಲಿ ತೋಟೆ ತುಂಬುವವನೊಬ್ಬನಿದ್ದ. ಕೋವಿಯಲ್ಲಿ ಹಾರಿಸಿ ಖಾಲಿಯಾದ ಹಿತ್ತಾಳೆ ತೋಟೆಗಳನ್ನು ಜನ ಅವನಿಗೆ ತಂದುಕೊಡುತ್ತಿದ್ದರು. ಅವನು ತಳದಲ್ಲಿ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದುಗುಂಡು ತುಂಬಿಕೊಡುತ್ತಿದ್ದ. ಆ ಸೀಮೆಯ ಕಸುಬುದಾರರು ಕೇಪಿನ ಸುತ್ತ ಬಣ್ಣದ ಗೆರೆ ಎಳೆಯುತ್ತಿದ್ದರು. ಹಸಿರೆಂದರೆ ಮತ್ತೆ ತುಂಬಬಹುದು. ಕೆಂಪೆಂದರೆ ಹಿತ್ತಾಳೆ ದಣಿದಿದೆ, ತುಂಬಿದರೆ ಕೋವಿ ಹಿಡಿದವನ ಮುಖಕ್ಕೇ ಸಿಡಿದೀತು. ಗೆರೆ ಓದುವುದರಲ್ಲಿ ಇವನು ಎತ್ತಿದ ಕೈ.

ಒಂದು ದಿನ ಒಬ್ಬ ರೈತ ಖಾಲಿ ತೋಟೆಗಳನ್ನು ತಂದ. ಹೊಳೆಯಾಚೆಯ ಭಾವಮೈದುನ ಕೊಟ್ಟವು. ರೈತನ ಹೆಂಡತಿ, ಪಾಪ, ಕೊಳೆ ತೋಟೆ ಕಳುಹಿಸಿದರೆ ಮರ್ಯಾದೆಯಲ್ಲವೆಂದು ಹುಣಸೆಹುಳಿ ಹಚ್ಚಿ ದೇವರ ದೀಪದಂತೆ ಬೆಳಗಿದ್ದಳು. ಬೇರೆಯವನಾಗಿದ್ದರೆ ಹೊಳಪಿಗೆ ಮೆಚ್ಚಿ ತುಂಬಿಬಿಡುತ್ತಿದ್ದ. ಇವನು ಒಂದೊಂದನ್ನೂ ಬಿಸಿಲಿಗೆ ಹಿಡಿದು ತಿರುಗಿಸಿದ. ಹುಣಸೆಹುಳಿ ತಲುಪದ ಸಂದಿನಲ್ಲಿ ಕೂದಲೆಳೆಯಷ್ಟು ನೀಲಿ ಕಂಡಿತು. ಆ ಕಣ್ಣಿಗೆ ನಾನು ಕೈಮುಗಿಯುತ್ತೇನೆ!

ಆದರೆ ನೀಲಿ ಗೆರೆಯನ್ನು ಅವನು ಹುಟ್ಟಿದಂದಿನಿಂದ ಕಂಡಿರಲಿಲ್ಲ. ಬಾಗಿಲಲ್ಲಿ ಜನ ನಿಂತು ನೋಡುತ್ತಿದ್ದರು. ‘ಇದೂ ಕೆಂಪಿನ ಹಾಗೆಯೇ’ ಎಂದುಬಿಟ್ಟರೆ ತೋಟೆಯನ್ನೂ ತುಂಬಬೇಕಿಲ್ಲ, ಹೆಸರೂ ಉಳಿಯುತ್ತದೆ. ಆದರೆ ನಾಳೆ ಊರೆಲ್ಲ ಆ ಮಾತನ್ನೇ ವಿದ್ಯೆ ಎಂದು ನಂಬುತ್ತದೆ. ಅವನು ತೋಟೆಗಳನ್ನು ಹಿಂದಕ್ಕೆ ಸರಿಸಿದ.

“ಈ ಗೆರೆ ನನಗೆ ಗೊತ್ತಿಲ್ಲಪ್ಪ. ಗೊತ್ತಿಲ್ಲದ್ದನ್ನ ನಾನು ತುಂಬೋದಿಲ್ಲ.”

ರೈತನಿಗೆ ರೇಗಿತು. “ಎತ್ತು ಕೊಳ್ಳೋವಾಗ್ಲೂ ನಾನು ಬಣ್ಣ ನೋಡಿಲ್ಲ, ನೀನು ಖಾಲಿ ತೋಟೆಗೆ ಬಣ್ಣ ನೋಡ್ತೀಯಲ್ಲ ಮಾರಾಯ! ರಾಗಿ ತೆನೆ ಹಾಲು ತುಂಬಿದೆ. ಹಂದಿ ಬಂದ್ರೆ ಚಪ್ಪಾಳೆ ತಟ್ಲಾ?”

ಸಂಜೆಗೆ ತೋಟೆ ತುಂಬುವವನು ತಾನೇ ಒಂದು ತಗಡಿನ ಡಬ್ಬ ಹಿಡಿದು ರೈತನ ಹೊಲದ ಬದುವಿನಲ್ಲಿ ಕುಳಿತ. ಬಡಿದು ಬಡಿದು ಕೈಯಲ್ಲಿ ಬೊಬ್ಬೆ ಎದ್ದರೂ ಹಂದಿಗಳು ಒಂದು ಮೂಲೆ ರಾಗಿಯನ್ನು ಮೇಯ್ದೇ ಹೋದವು. ಮರುದಿನದಿಂದ ರೈತ ಕಂಡಕಂಡಲ್ಲಿ, “ಅವನಿಗೆ ಕಸುಬು ಮರೆತುಹೋಗಿದೆ” ಎಂದು ಬಾಯಿಗೆ ಬಂದಂತೆ ಬೈದ. ಜನ ಬೇರೆ ಊರಿಗೆ ತೋಟೆ ಒಯ್ಯತೊಡಗಿದರು.

ಗುರು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

“ಆ ನೀಲಿ ಗೆರೆಯ ಅರ್ಥ ಕೊನೆಗಾದರೂ ತಿಳಿಯಿತೇ?”

“ಇಲ್ಲ.”

“ಹಾಗಾದರೆ ‘ಗೊತ್ತಿಲ್ಲ’ ಎಂದು ಅವನು ಗಳಿಸಿದ್ದೇನು? ರೈತ ಇಂದಿಗೂ ಬೈಯುತ್ತಲೇ ಇರಬೇಕು.”

“ಹೌದು,” ಎಂದರು ಗುರು, “ಬೈಯುವುದಕ್ಕೆ ಅವನಿಗೆ ಬಾಯಿ ಇನ್ನೂ ಇದೆ.”